ಇ. ಕೆ. ಜಾನಕಿ ಅಮ್ಮಾಳ್
ತಲಶ್ಶೇರಿಯಲ್ಲಿ 1897ರಲ್ಲಿ ಜನಿಸಿದ ಜಾನಕಿ ಅಮ್ಮಾಳ್ ಮಿಷಿಗನ್ನಿನಲ್ಲಿ ಡಾಕ್ಟರೇಟ್ ಪಡೆದವರು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಕಬ್ಬನ್ನು ಮೆಕ್ಕೆಜೋಳದೊಡನೆಯೂ ಸಂಕರಗೊಳಿಸಿ ವರ್ಣತಂತುಗಳನ್ನು ಎಣಿಸಿದರು. ಒಂಟಿ ಹೆಣ್ಣೆಂಬ ತಾತ್ಸಾರವನ್ನೂ ಸಹಿಸಬೇಕಾಯಿತು. 1939ರಲ್ಲಿ ಇಂಗ್ಲೆಂಡಿಗೆ ಹೋದವರು ಯುದ್ಧಕಾಲವನ್ನು ಅಲ್ಲಿಯೇ ಕಳೆದು, ಮುಂದೆ ವಿಸ್ಲಿ ಉದ್ಯಾನದಲ್ಲಿ ಮ್ಯಾಗ್ನೋಲಿಯ ಸಸಿಗಳ ಮೇಲೆ ಕಾಲ್ಚಿಸಿನ್ ಪ್ರಯೋಗಿಸಿದರು. ಕಾಲ್ಬೆರಳ ಗಂಟನ್ನು ಸುಡುವಂತೆ ನೋಯಿಸುವ ಗೌಟ್ ರೋಗಕ್ಕೆ ಇಂದಿಗೂ ಇದೇ ಕಾಲ್ಚಿಸಿನ್ ಔಷಧ! ಅದು ಜೀವಕೋಶದ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ವರ್ಣತಂತುಗಳನ್ನು ಬೇರ್ಪಡಿಸುವ ಎಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಸಸಿಯಲ್ಲಿ ವರ್ಣತಂತುಗಳು ಇಮ್ಮಡಿಯಾಗುತ್ತವೆ; ರೋಗಿಯಲ್ಲಿ ಬಿಳಿಯ ರಕ್ತಕಣಗಳ ಸಂಚಾರ ಕುಗ್ಗಿ ಉರಿಯೂತ ಇಳಿಯುತ್ತದೆ. ಸ್ವದೇಶಕ್ಕೆ ಮರಳಿ ಔಷಧೀಯ ಸಸ್ಯಗಳನ್ನು ಅಭ್ಯಸಿಸಿದ ಅವರು 1984ರಲ್ಲಿ ತೀರಿಕೊಂಡರು. ಬಿಳಿಯ ಹೂವಿನ ಮ್ಯಾಗ್ನೋಲಿಯವೊಂದು ಅವರ ಹೆಸರನ್ನು ಹೊತ್ತಿದೆ.