ಸಂಸಾರದಲ್ಲಿ ಸಂತಳಾದ ತಾಯಿ: ಜೆಲಿ ಮಾರ್ಟಿನ್

ಕೈಯಲ್ಲಿ ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಹಿಡಿದು ನಿಂತ ಕಾರ್ಮೆಲ್ ಸಭೆಯ ಸಂತ ತೆರೇಸಮ್ಮನವರನ್ನು ಅರಿಯದ ಕಥೋಲಿಕ ಕುಟುಂಬ ನಮ್ಮ ನಾಡಿನಲ್ಲಿ ವಿರಳ. ಕಿರುಪುಷ್ಪವೆಂದು ನಾವೆಲ್ಲರೂ ಪ್ರೀತಿಯಿಂದ ಕರೆಯುವ ಆ ಹೂವು ಅರಳಿದ ಬಳ್ಳಿ ಯಾವುದು, ಅದಕ್ಕೆ ನೀರೆರೆದ ಕೈಗಳು ಯಾರವು ಎಂದು ವಿಚಾರಿಸುವವರು ಮಾತ್ರ ಕಡಿಮೆ. ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ನಮ್ಮ ದೇವಾಲಯವನ್ನು ಕಟ್ಟಿದವರ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಚರಿತ್ರೆಯನ್ನು ಓದುಗರು ಕಾಣಬಹುದು. ಆದರೆ ನೂರು ವರ್ಷಗಳ ಕಾಲ ಈ ದೇವಾಲಯವನ್ನು ತುಂಬಿದ್ದು ಮನೆಗಳು. ಅಡುಗೆ ಮನೆಯಿಂದ, ಹೊಲಗದ್ದೆಯಿಂದ, ತೊಟ್ಟಿಲ ಬಳಿಯಿಂದ ಎದ್ದು ಬಲಿಪೂಜೆಗೆ ಬಂದ ತಂದೆತಾಯಂದಿರು. ಆದಕಾರಣ ನಾವು ಇಲ್ಲಿ ಒಬ್ಬ ಗೃಹಿಣಿಯ ಜೀವನವನ್ನು ಬರೆಯಲು ಇಚ್ಛಿಸಿದ್ದೇವೆ. ತೆರೇಸಮ್ಮನವರ ತಾಯಿ ಜೆಲಿಯಮ್ಮನವರೇ ಆಕೆ.

ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದ ಗಾಂದ್‌ಲೇನ್ ಎಂಬ ಹಳ್ಳಿಯಲ್ಲಿ, 1831ನೇ ಇಸವಿ ಡಿಸೆಂಬರ್ 23ರಂದು ಜೆಲಿ ಗೆರೆನ್ ಜನಿಸಿದರು. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಕಾದಾಡಿ, ಬಳಿಕ ಪೊಲೀಸ್ ಪಡೆಯಲ್ಲಿದ್ದು ನಿವೃತ್ತರಾದವರು. ತಾಯಿ ಭಕ್ತೆಯಾಗಿದ್ದರೂ ಬಲು ಕಠಿಣ ಸ್ವಭಾವದವರು. ಆಡಲು ಒಂದು ಗೊಂಬೆಯೂ ಇಲ್ಲದ, ಪದೇ ಪದೇ ತಲೆನೋವಿನಿಂದ ನರಳುತ್ತಿದ್ದ ಬಾಲ್ಯ ಅವರದು. ತಮ್ಮ ಬಾಲ್ಯದಲ್ಲಿ ಸಂತೋಷವೇ ಇರಲಿಲ್ಲವೆಂದು ಮುಂದೆ ಅವರೇ ತಮ್ಮನಿಗೆ ಪತ್ರ ಬರೆದು ತಿಳಿಸಿದ್ದುಂಟು. ಪ್ರೀತಿ ಕಾಣದೆ ಬೆಳೆದವರು ಪ್ರೀತಿ ಕೊಡಲಾರರೆಂಬ ಮಾತು ಲೋಕದಲ್ಲಿದೆ. ಜೆಲಿಯಮ್ಮನವರ ಮನೆಯನ್ನು ನೋಡಿದರೆ ಆ ಮಾತನ್ನು ನಾವು ಒಪ್ಪಲಾರೆವು.

1844ರಲ್ಲಿ ಕುಟುಂಬವು ಅಲಾನ್ಸೋನ್ ಪಟ್ಟಣಕ್ಕೆ ಬಂದು ನೆಲೆಸಿತು. ಪ್ರಾಯಕ್ಕೆ ಬಂದ ಜೆಲಿ ರೋಗಿಗಳ ಸೇವೆ ಮಾಡುವ ಸಂತ ವಿನ್ಸೆಂಟ್ ದೆ ಪಾಲರ ಭಗಿನಿಯರ ಸಭೆಗೆ ಸೇರಲು ಬಯಸಿ, ಆ ಪಟ್ಟಣದ ಆಸ್ಪತ್ರೆಯ ಮಠದ ಬಾಗಿಲು ತಟ್ಟಿದರು. ಮಠಾಧಿಕಾರಿಣಿ ಒಪ್ಪಲಿಲ್ಲ. ಅತ್ತ ಬೊರ್ಡೊ ನಗರದಲ್ಲಿ 1823ರಲ್ಲಿ ಹುಟ್ಟಿದ ಲೂಯಿ ಮಾರ್ಟಿನ್ ಎಂಬ ತರುಣರು ಆಲ್ಪ್ಸ್ ಪರ್ವತದ ಮೇಲಿನ ಸಂತ ಬರ್ನಾರ್ಡರ ಮಠಕ್ಕೆ ಹೋಗಿ, ಲತೀನ್ ಭಾಷೆ ಬಾರದೆಂಬ ಕಾರಣದಿಂದ ಹಿಂದಿರುಗಿ, ಗಡಿಯಾರದ ಕಸುಬು ಹಿಡಿದು ಅದೇ ಅಲಾನ್ಸೋನಿನಲ್ಲಿ ಅಂಗಡಿ ಇಟ್ಟಿದ್ದರು. ಮಠಗಳು ಬೇಡವೆಂದ ಈ ಇಬ್ಬರನ್ನು ದೇವರು ಊರ ಸೇತುವೆಯೊಂದರ ಮೇಲೆ ಎದುರುಬದುರಾಗಿ ತಂದು ನಿಲ್ಲಿಸಿದರು. 1858ನೇ ಇಸವಿ ಜುಲೈ 13ರಂದು, ಅಂದಿನ ರೂಢಿಯಂತೆ ನಡುರಾತ್ರಿಯಲ್ಲಿ, ಮಾತೆ ಮರಿಯಮ್ಮನವರ ದೇವಾಲಯದಲ್ಲಿ ಅವರ ವಿವಾಹ ನೆರವೇರಿತು. ಮೊದಲ ಹತ್ತು ತಿಂಗಳು ಅಣ್ಣತಂಗಿಯರಂತೆ ಬಾಳಿದ ದಂಪತಿಗೆ, ವಿವಾಹದ ಸಂಸ್ಕಾರವು ಮಕ್ಕಳನ್ನು ದೇವರಿಗಾಗಿ ಪಡೆಯುವ ಕರೆಯೆಂದು ಪಾಪನಿವೇದನೆ ಕೇಳುವ ಗುರುಗಳು ತಿಳಿಹೇಳಿದರು. ಬಳಿಕ ಒಂಬತ್ತು ಮಕ್ಕಳು ಹುಟ್ಟಿದರು. ಅವರಲ್ಲೊಬ್ಬನಾದರೂ ದೂರದೇಶಗಳಿಗೆ ಶುಭಸಂದೇಶ ಸಾರಲು ಹೋಗುವ ಗುರುವಾಗಲೆಂಬುದು ತಾಯಿಯ ಪ್ರಾರ್ಥನೆ. ಅದೇ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಗೆ ಬಂದು ಇಲ್ಲಿಯ ಮಣ್ಣಿನಲ್ಲೇ ಮಲಗಿರುವ ಫ್ರೆಂಚ್ ಗುರುಗಳನ್ನು ನೆನೆಯುವಾಗ, ಅವರ ಹಿಂದೆಯೂ ಇಂಥ ತಾಯಂದಿರ ಪ್ರಾರ್ಥನೆ ಇದ್ದಿರಬೇಕೆಂದು ನಮಗನಿಸುತ್ತದೆ.

ಜೆಲಿಯಮ್ಮನವರು ಬರಿಯ ಮನೆವಾರ್ತೆಯಲ್ಲಿ ಮುಳುಗಿದವರಲ್ಲ. ದುಡಿದು ಹತ್ತಾರು ಮಂದಿಗೆ ಅನ್ನ ಕೊಟ್ಟವರು. ಅಲಾನ್ಸೋನ್ ಪಟ್ಟಣವು ಸೂಜಿಯಿಂದ ಹೆಣೆಯುವ ಲೇಸ್ ಜಾಲರಿಗೆ ಹೆಸರಾದದ್ದು. ಅತಿ ನವುರಾದ ನಾರಿನ ನೂಲಿನಲ್ಲಿ ಮಾಡುವ ಈ ಕೆಲಸ ಎಷ್ಟು ಸೂಕ್ಷ್ಮವೆಂದರೆ, ಒಂದು ಚದರ ಸೆಂಟಿಮೀಟರಿನಷ್ಟು ಹೆಣೆಯಲು ಸುಮಾರು 7 ಗಂಟೆ ಹಿಡಿಯುತ್ತದೆ. 1851ನೇ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಈ ಕಸುಬನ್ನು ಹಿಡಿಯಬೇಕೆಂಬ ಪ್ರೇರಣೆ ಅವರಿಗಾಯಿತು. ಎರಡು ವರ್ಷಗಳಲ್ಲಿ ತಮ್ಮದೇ ಉದ್ಯಮವನ್ನು ಆರಂಭಿಸಿದರು. ಹೆಣಿಗೆಯ ಹೆಂಗಸರು ತಮ್ಮ ತಮ್ಮ ಮನೆಗಳಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ಹೆಣೆದು ಗುರುವಾರಗಳಂದು ತಂದೊಪ್ಪಿಸುತ್ತಿದ್ದರು. ಆ ತುಂಡುಗಳನ್ನು ಎಲ್ಲಿ ಸೇರಿಸಿದೆಯೆಂಬುದು ಕಣ್ಣಿಗೆ ಕಾಣದಂತೆ ಕೂಡಿಸುವ ಕೊನೆಯ ಕೆಲಸ ಜೆಲಿಯಮ್ಮನವರದೇ. ಕಿಟಕಿಯ ಬೆಳಕಿಗೆ ಕುಳಿತು, ಮಕ್ಕಳ ಗದ್ದಲದ ನಡುವೆ, ರಾತ್ರಿ ಬಹುಹೊತ್ತಿನವರೆಗೆ ಅವರ ಸೂಜಿ ಆಡುತ್ತಿತ್ತು. ಬೇಡಿಕೆ ಹೆಚ್ಚಿದಾಗ ಮೈ ಮುರಿಯುವ ದುಡಿಮೆ. ಬೇಡಿಕೆ ಇಳಿದಾಗ ಹೆಣಿಗೆಯವರ ಗತಿಯೇನೆಂಬ ಚಿಂತೆ. 1870ರಲ್ಲಿ ಪತಿ ತಮ್ಮ ಗಡಿಯಾರದ ಅಂಗಡಿಯನ್ನು ಸೋದರಳಿಯನಿಗೆ ಮಾರಿ, ಹೆಂಡತಿಯ ಉದ್ಯಮದ ಲೆಕ್ಕಪತ್ರ ಮತ್ತು ಪ್ರಯಾಣದ ಭಾರವನ್ನು ತಾವು ಹೊತ್ತರು. ಹೆಂಡತಿಯ ಸಂಪಾದನೆಗೆ ಕೈಗೂಡಿಸುವುದು ಗಂಡನಿಗೆ ಅವಮಾನವೆಂದು ಭಾವಿಸುವ ನಮ್ಮ ಗಂಡಸರು ಇದನ್ನು ಎರಡು ಬಾರಿ ಓದಬೇಕೆಂದು ಕೋರುತ್ತೇವೆ.

ಆ ಮನೆಯ ದಿನಚರಿ ಬೆಳಗಿನ ಐದೂವರೆಯ ಬಲಿಪೂಜೆಯಿಂದ ಆರಂಭವಾಗುತ್ತಿತ್ತು. ಭಾನುವಾರ ಹಳ್ಳಿಯ ಜನ ಪಟ್ಟಣಕ್ಕೆ ಬಂದು ಕೊಳ್ಳುವ ದಿನವಾದರೂ ಲೂಯಿಯವರು ಅಂಗಡಿಯ ಬಾಗಿಲನ್ನು ತೆರೆಯುತ್ತಿರಲಿಲ್ಲ. ಸಂಜೆ, ಲೂಯಿಯವರು ಅವಿವಾಹಿತರಾಗಿದ್ದಾಗ ಕಾಣಿಕೆಯಾಗಿ ಬಂದಿದ್ದ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಎಲ್ಲರೂ ಮೊಣಕಾಲೂರುತ್ತಿದ್ದರು. ಮನೆಯ ಕೆಲಸದಾಕೆ ಕೀಲುನೋವಿನಿಂದ ಮಲಗಿದಾಗ ಜೆಲಿಯಮ್ಮನವರು ಹಗಲಿರುಳೆನ್ನದೆ ವಾರಗಟ್ಟಲೆ ಶುಶ್ರೂಷೆ ಮಾಡಿದರು. 1871ರ ಆರಂಭದಲ್ಲಿ ಪ್ರಷ್ಯದ ಸೈನ್ಯ ಪಟ್ಟಣಕ್ಕೆ ನುಗ್ಗಿ 9 ಮಂದಿ ಸೈನಿಕರು ಅವರ ಮನೆಯಲ್ಲೇ ಬೀಡುಬಿಟ್ಟಾಗಲೂ ಮನೆವಾರ್ತೆ ಕೆಡದಂತೆ ನೋಡಿಕೊಂಡರು. ಇಷ್ಟಾದರೂ ಅವರು ಸದಾ ಕೈಮುಗಿದು ಕಣ್ಣುಮುಚ್ಚಿ ಕುಳಿತ ಭಕ್ತೆಯೆಂದು ಯಾರೂ ತಿಳಿಯಬಾರದು. ತಪಸ್ಸುಕಾಲದ ಉಪವಾಸ ಅವರಿಗೆ ಕಷ್ಟವೆನಿಸುತ್ತಿತ್ತು. ಒಂದು ವರ್ಷ ಊರಿಗೆ ಬಂದ ಇಬ್ಬರು ಗುರುಗಳ ಪ್ರಬೋಧನೆ ಸ್ವಲ್ಪವೂ ರುಚಿಸದೆ, ಅದನ್ನು ಕೇಳುವುದೂ ಒಂದು ಪ್ರಾಯಶ್ಚಿತ್ತವೆಂದು ತಾಳಿಕೊಂಡರಂತೆ. ಪ್ರಬೋಧನೆ ಮಾಡುವ ನಮ್ಮಂಥವರು ಇದನ್ನು ಮರೆಯದಿರುವುದು ಒಳಿತು.

ಇನ್ನು ಆ ತಾಯಿಯ ಶಿಲುಬೆಯ ವಿಷಯ. 1867 ಮತ್ತು 1868ರಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಜೋಸೆಫ್ ಎಂಬ ಹೆಸರು, ವರ್ಷ ತುಂಬುವ ಮುನ್ನವೇ ತೀರಿಕೊಂಡರು. 1870ರ ಫೆಬ್ರವರಿಯಲ್ಲಿ ಐದು ವರ್ಷದ ಎಲೆನ್ ಕಣ್ಣುಮುಚ್ಚಿದಳು. ಅದೇ ವರ್ಷ ಅಕ್ಟೋಬರಿನಲ್ಲಿ ಎರಡು ತಿಂಗಳೂ ತುಂಬದ ಹಸುಗೂಸೊಂದು ಹಾಲೂಡುವ ದಾಯಿಯ ಅಲಕ್ಷ್ಯದಿಂದ ಸೊರಗಿ ಸತ್ತಿತು. ಇಷ್ಟು ನೋಯುವುದಾದರೆ ಆ ಮಕ್ಕಳು ಹುಟ್ಟದಿದ್ದರೇ ಲೇಸಾಗಿತ್ತೆಂದು ಸಂತೈಸಲು ಬಂದವರು ಹೇಳಿದಾಗ ಜೆಲಿಯಮ್ಮನವರಿಗೆ ಸಹಿಸಲಾಗುತ್ತಿರಲಿಲ್ಲ. ತಮ್ಮ ಮಕ್ಕಳು ಇಲ್ಲವಾಗಲಿಲ್ಲ, ದೇವರ ಬಳಿ ಇದ್ದಾರೆ, ಮತ್ತೆ ಕಾಣುವೆನೆಂಬುದು ಅವರ ದೃಢವಾದ ನಂಬಿಕೆ. ಆದರೂ ತಾಯಿಯ ಕರುಳು ತಾಯಿಯ ಕರುಳೇ. ಎಲೆನ್ ಎಂದೋ ಹೇಳಿದ್ದ ಚಿಕ್ಕದೊಂದು ಸುಳ್ಳು ನೆನಪಾಗಿ, ಮಗುವಿನ ಆತ್ಮ ಎಲ್ಲಿ ನರಳುತ್ತಿದೆಯೋ ಎಂದು ಕಳವಳಪಟ್ಟು ಮರಿಯಮ್ಮನವರ ಸ್ವರೂಪದ ಮುಂದೆ ಅತ್ತರು. ಮಗು ತನ್ನ ಬಳಿಯಲ್ಲೇ ಇದೆಯೆಂದು ಮಾತೆ ತಿಳಿಸಿದಂತಾಗಿ ಅವರ ಮನಸ್ಸು ಶಾಂತವಾಯಿತು.

1873ನೇ ಜನವರಿ 2ರಂದು ಹುಟ್ಟಿದ ಕೊನೆಯ ಮಗಳೇ ತೆರೇಸ್. ಎರಡು ತಿಂಗಳಲ್ಲಿ ಆ ಕೂಸೂ ಹೊಟ್ಟೆಯ ಬೇನೆಯಿಂದ ಸಾವಿನಂಚಿಗೆ ಬಂದಿತು. ಎದೆಹಾಲು ಸಿಕ್ಕಿದರಷ್ಟೇ ಬದುಕಬಹುದೆಂದು ವೈದ್ಯರು ಹೇಳಿದರು; ತಾಯಿಗೆ ಹಾಲಿರಲಿಲ್ಲ. ಗಂಡ ಊರಲ್ಲಿರಲಿಲ್ಲ. ನಸುಕಿನಲ್ಲೇ ಜೆಲಿಯಮ್ಮನವರು ಒಬ್ಬರೇ ಸುಮಾರು 8 ಕಿಲೋಮೀಟರ್ ದೂರದ ಸೆಮಾಲೆ ಗ್ರಾಮಕ್ಕೆ ನಡೆದು, ತಮಗೆ ಪರಿಚಯವಿದ್ದ ರೈತಾಪಿ ಹೆಂಗಸನ್ನು ಕರೆತಂದರು. ಆಕೆ ಕೂಸನ್ನು ಮಡಿಲಿಗೆ ತೆಗೆದುಕೊಂಡಾಗ, ನೋಡಲಾರದೆ ತಾಯಿ ಮಹಡಿಗೆ ಓಡಿ ಸಂತ ಜೋಸೆಫರ ಪಾದದಲ್ಲಿ ಬಿದ್ದರು. ಉಳಿಸು ಎಂದು ಬೇಡಿದರು, ದೇವರ ಚಿತ್ತ ಬೇರೆಯಿದ್ದರೆ ಒಪ್ಪಿದ್ದೇನೆಂದೂ ಹೇಳಿದರು. ಕೆಳಗಿಳಿದು ಬಂದು ನೋಡಿದರೆ ಕೂಸು ಆತುರದಿಂದ ಹಾಲು ಕುಡಿಯುತ್ತಿತ್ತು. ಆ ಕೂಸು ಒಂದು ವರ್ಷಕ್ಕೂ ಮಿಕ್ಕಿ ಆ ಹಳ್ಳಿಯ ಮನೆಯಲ್ಲೇ ಬೆಳೆಯಿತು. ಲೋಕಕ್ಕೆಲ್ಲ ಹೂಮಳೆ ಸುರಿಸಿದ ಸಂತಳು ಒಬ್ಬ ಬಡ ರೈತಗಿತ್ತಿಯ ಹಾಲಿನಿಂದ ಉಳಿದಳೆಂಬುದನ್ನು ನಾವು ಮರೆಯುವಂತಿಲ್ಲ.

ಆದರೆ ನಮ್ಮ ಅಭಿಪ್ರಾಯದಲ್ಲಿ ಜೆಲಿಯಮ್ಮನವರ ವಿಶ್ವಾಸದ ನಿಜವಾದ ಪರೀಕ್ಷೆ ನಡೆದದ್ದು ತೆರೇಸಳಿಂದಲ್ಲ, 1863ರಲ್ಲಿ ಹುಟ್ಟಿದ ಮೂರನೆಯ ಮಗಳು ಲೆಯೋನಿಯಿಂದ. ಕುಟುಂಬ ಸಂದರ್ಶನಕ್ಕೆಂದು ಹೋದಾಗ, ಎಲ್ಲ ಮಕ್ಕಳ ವಿಷಯ ಸಂತೋಷದಿಂದ ಹೇಳಿ ಒಂದು ಮಗುವಿನ ಹೆಸರು ಬಂದೊಡನೆ ತಲೆತಗ್ಗಿಸುವ ತಂದೆತಾಯಂದಿರನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಅಂಥವರು ಈ ಭಾಗವನ್ನು ಗಮನವಿಟ್ಟು ಓದಲಿ. ಲೆಯೋನಿ ಹುಟ್ಟಿನಿಂದಲೇ ರೋಗಿಷ್ಠೆ. ಮೈಮೇಲೆ ಇಸುಬು, ಓದಿನಲ್ಲಿ ಹಿಂದು, ನಡತೆಯಲ್ಲಿ ಹಟಮಾರಿ. ಲ ಮಾನ್ಸ್ ನಗರದ ವಿಸಿಟೇಷನ್ ಮಠದಲ್ಲಿ ಕನ್ಯಾಸ್ತ್ರೀಯಾಗಿದ್ದ ಜೆಲಿಯಮ್ಮನವರ ಅಕ್ಕನ ಆಶ್ರಯದಲ್ಲಿ ಓದಿಸಲು ಕಳುಹಿಸಿದರೆ, ಶಾಲೆಯವರು ಹುಡುಗಿಯನ್ನು ಇಟ್ಟುಕೊಳ್ಳಲಾರದೆ ಮನೆಗೆ ಹಿಂದಿರುಗಿಸಿದರು. ಒಲಿಸಿ ನೋಡಿದರು, ಗದರಿಸಿ ನೋಡಿದರು, ಪ್ರಾರ್ಥಿಸಿದರು, ಫಲ ಕಾಣಲಿಲ್ಲ. ಆ ಹುಡುಗಿ ಮನೆಯ ಕೆಲಸದಾಕೆಯೊಬ್ಬಳ ಮಾತಿಗೆ ಮಾತ್ರ ತಲೆಬಾಗುತ್ತಿದ್ದುದು ಎಲ್ಲರಿಗೂ ಸೋಜಿಗವಾಗಿತ್ತು.

1876ರ ಕೊನೆಗೆ ವೈದ್ಯರು ಜೆಲಿಯಮ್ಮನವರ ಎದೆಯಲ್ಲಿದ್ದ ಗಂಟು ಗುಣವಾಗದ ಅರ್ಬುದವೆಂದು ತಿಳಿಸಿದರು. 1877ರ ಫೆಬ್ರವರಿ 24ರಂದು ಅಕ್ಕನೂ ದೈವಾಧೀನರಾದರು. ಸ್ವರ್ಗಕ್ಕೆ ಹೋದೊಡನೆ ಲೆಯೋನಿಗಾಗಿ ಬೇಡಬೇಕೆಂದು ತಂಗಿ ಆ ಅಕ್ಕನಿಗೆ ಮೊದಲೇ ಮೊರೆಯಿಟ್ಟಿದ್ದರು. ಕೆಲವೇ ವಾರಗಳಲ್ಲಿ ಹಿರಿಯ ಮಗಳು ಮರಿಯಳ ಮೂಲಕ ಗುಟ್ಟೊಂದು ಹೊರಬಿತ್ತು: ಕೆಲಸದಾಕೆ ಮನೆಯವರಿಗೆ ತಿಳಿಯದಂತೆ ಹುಡುಗಿಯನ್ನು ಹೆದರಿಸಿ ಬೆದರಿಸಿ ತನ್ನ ಅಂಕೆಯಲ್ಲಿಟ್ಟುಕೊಂಡಿದ್ದಳು. ಪ್ರತಿದಿನ ಬಲಿಪೂಜೆಗೆ ಹೋಗುವ, ಮಕ್ಕಳೇ ಪ್ರಾಣವೆಂದಿದ್ದ ತಾಯಿಯ ಕಣ್ಣಿಗೇ ತನ್ನ ಸೂರಿನಡಿಯ ಈ ಅನ್ಯಾಯ ವರ್ಷಗಟ್ಟಲೆ ಬಿದ್ದಿರಲಿಲ್ಲ. ಸಂತರ ಚರಿತ್ರೆಗಳಲ್ಲಿ ಇಂಥ ಸಂಗತಿಗಳನ್ನು ಮರೆಮಾಡುವ ಅಭ್ಯಾಸವಿದೆ. ನಾವು ಹಾಗೆ ಮಾಡುವುದಿಲ್ಲ. ಸತ್ಯ ತಿಳಿದ ಮೇಲೆ ಆ ತಾಯಿ ಏನು ಮಾಡಿದರೆಂಬುದೇ ಮುಖ್ಯ. ಮಗಳನ್ನು ಕೆಲಸದಾಕೆಯ ಹಿಡಿತದಿಂದ ಬಿಡಿಸಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಹುಡುಗಿಯ ಸ್ವಭಾವವೇ ಬದಲಾಗತೊಡಗಿತು. ತಾಯಿಯನ್ನು ಬಿಟ್ಟು ಕದಲದಾದಳು. ತಮ್ಮ ಸಾವಿಗೆ ಸಿದ್ಧರಾಗಿದ್ದ ಜೆಲಿಯಮ್ಮನವರು ಇನ್ನಷ್ಟು ಕಾಲ ಬದುಕಬೇಕೆಂದು ಹಂಬಲಿಸಿದ್ದು ಈ ಮಗಳಿಗಾಗಿ.

ಆ ಹಂಬಲದಿಂದಲೇ ಜೂನ್ ತಿಂಗಳಲ್ಲಿ ಮರಿಯ, ಪೌಲಿನ್, ಲೆಯೋನಿ ಈ ಮೂವರು ಹೆಣ್ಣುಮಕ್ಕಳೊಡನೆ ಲೂರ್ದ್ ಯಾತ್ರೆಗೆ ಹೊರಟರು. ದೀರ್ಘ ರೈಲು ಪ್ರಯಾಣ, ದಾರಿಯುದ್ದಕ್ಕೂ ಅಡಚಣೆಗಳು, ತಣ್ಣನೆಯ ಪುಣ್ಯತೀರ್ಥದಲ್ಲಿ ಮತ್ತೆ ಮತ್ತೆ ಸ್ನಾನ, ರೋಗ ವಾಸಿಯಾಗಲಿಲ್ಲ. ನೋವು ಹೆಚ್ಚಿಸಿಕೊಂಡು ಹಿಂದಿರುಗಿದ ಅವರು, ಎದೆಗುಂದಿದ್ದ ಮಕ್ಕಳಿಗೆ ತಾವೇ ಧೈರ್ಯ ಹೇಳಿದರು. ಆಗಸ್ಟ್ ಆರಂಭದಲ್ಲೂ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತ ಬಲಿಪೂಜೆಗೆ ನಡೆದುಹೋದರು. 1877ರ ಆಗಸ್ಟ್ 28ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, 45ನೆಯ ವಯಸ್ಸಿನಲ್ಲಿ, ದೇವರ ಪಾದ ಸೇರಿದರು. ತೆರೇಸಳಿಗೆ ಆಗ ನಾಲ್ಕೂವರೆ ವರ್ಷ.

ಲೂಯಿಯವರು ಮಕ್ಕಳನ್ನು ಕರೆದುಕೊಂಡು ಹೆಂಡತಿಯ ತಮ್ಮನಿದ್ದ ಲಿಸಿಯೊ ಪಟ್ಟಣಕ್ಕೆ ಹೋಗಿ ನೆಲೆಸಿದರು. ಪೌಲಿನ್, ಮರಿಯ, ತೆರೇಸ್, ಸೆಲಿನ್ ಒಬ್ಬರ ಹಿಂದೊಬ್ಬರಂತೆ ಅಲ್ಲಿನ ಕಾರ್ಮೆಲ್ ಮಠ ಸೇರಿದರು. ಮುಪ್ಪಿನಲ್ಲಿ ಬುದ್ಧಿಭ್ರಮಣೆಯ ರೋಗಕ್ಕೆ ತುತ್ತಾಗಿ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಕಳೆದ ಲೂಯಿಯವರು 1894ರಲ್ಲಿ ತೀರಿಕೊಂಡರು. ತೆರೇಸಮ್ಮನವರು 1897ರಲ್ಲಿ ಮರಣಹೊಂದಿ 1925ರಲ್ಲಿ ಸಂತ ಪದವಿಗೇರಿದರು. ತಂದೆತಾಯಿಯರನ್ನು 2008ರಲ್ಲಿ ಧನ್ಯರೆಂದೂ, 2015ನೇ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಕುಟುಂಬವನ್ನು ಕುರಿತ ಧರ್ಮಾಧ್ಯಕ್ಷರ ಮಹಾಸಭೆಯ ದಿನಗಳಲ್ಲೇ ಸಂತರೆಂದೂ ಘೋಷಿಸಲಾಯಿತು. ಗಂಡಹೆಂಡಿರಿಬ್ಬರನ್ನೂ ಜೊತೆಯಾಗಿ ಸಂತರೆಂದು ಸಾರಿದ್ದು ಅದೇ ಮೊದಲು. ಅವರ ಸ್ಮರಣೆ ವಿವಾಹದ ದಿನದ ಹತ್ತಿರ, ಜುಲೈ 12ರಂದು.

ಲೆಯೋನಿ ಮೂರು ಬಾರಿ ಮಠ ಸೇರಿ ಮೂರು ಬಾರಿಯೂ ಹೊರಬಂದಳು. 1899ರಲ್ಲಿ, ತಾಯಿ ತೀರಿದ 22 ವರ್ಷಗಳ ಬಳಿಕ, ಕಾನ್ ನಗರದ ವಿಸಿಟೇಷನ್ ಮಠವನ್ನು ಮತ್ತೊಮ್ಮೆ ಪ್ರವೇಶಿಸಿದಳು. ಈ ಬಾರಿ ಹೊರಬರಲಿಲ್ಲ. 1941ರವರೆಗೆ ಅಲ್ಲಿ ಯಾರ ಕಣ್ಣಿಗೂ ಬೀಳದಂತೆ ಚಿಕ್ಕಪುಟ್ಟ ಕೆಲಸಗಳನ್ನು ಮಾಡಿಕೊಂಡಿದ್ದು ಕಣ್ಣುಮುಚ್ಚಿದಳು. ತಾಯಿಗೆ ಸಂತ ಪದವಿ ಲಭಿಸಿದ 2015ರಲ್ಲೇ ಆ ಮಗಳನ್ನೂ ಸಂತಳೆಂದು ಸಾರುವ ವಿಚಾರಣೆಯನ್ನು ಧರ್ಮಸಭೆ ಆರಂಭಿಸಿತು.