ಗ್ರೇಸ್ ಹಾಪರ್

ಗ್ರೇಸ್ ಬ್ರೂಸ್ಟರ್ ಮರ್ರೆ ಹಾಪರ್ (ಡಿಸೆಂಬರ್ 9, 1906 – ಜನವರಿ 1, 1992) ಅಮೆರಿಕದ ಗಣಿತಜ್ಞೆ, ಗಣಕ ವಿಜ್ಞಾನಿ ಹಾಗೂ ನೌಕಾಪಡೆಯ ಅಧಿಕಾರಿ. ಕಂಪೈಲರ್ ಎಂಬ ಭಾಷಾಂತರ ತಂತ್ರಾಂಶದ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಇವರು ಮೊದಲಿಗರು. ಕ್ರಮವಿಧಿಗಳಲ್ಲಿನ ದೋಷಗಳನ್ನು ಹುಡುಕಿ ಸರಿಪಡಿಸುವ ಡಿಬಗ್ಗಿಂಗ್ ಕಾರ್ಯದೊಂದಿಗೆ ಇವರ ಹೆಸರು ಬೆಸೆದುಕೊಂಡಿದೆ.

ಬಾಲ್ಯ ಮತ್ತು ಶಿಕ್ಷಣ

ಹಾಪರ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಏಳನೆಯ ವಯಸ್ಸಿನಲ್ಲಿ ಅಲಾರಾಂ ಗಡಿಯಾರದ ಒಳಗುಟ್ಟನ್ನು ಅರಿಯಲು ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಒಂದರ ನಂತರ ಒಂದರಂತೆ ಬಿಚ್ಚಿಹಾಕಿದರು. ತಾಯಿಗೆ ವಿಷಯ ತಿಳಿದ ಮೇಲೆ ಒಂದೇ ಗಡಿಯಾರದ ಮೇಲೆ ಪ್ರಯೋಗ ನಡೆಸಲು ಅನುಮತಿ ದೊರೆಯಿತು. 1928ರಲ್ಲಿ ವಾಸರ್ ಕಾಲೇಜಿನಿಂದ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾಲಯವು 1930ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1934ರಲ್ಲಿ ಗಣಿತದಲ್ಲಿ ಡಾಕ್ಟರೇಟನ್ನೂ ನೀಡಿತು. 1931ರಿಂದ ವಾಸರ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕಿಯಾಗಿದ್ದರು.

ನೌಕಾಪಡೆ ಮತ್ತು ಮಾರ್ಕ್ 1

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಪರ್ ನೌಕಾಪಡೆ ಸೇರಲು ಬಯಸಿದರು. ವಯಸ್ಸು ಹೆಚ್ಚಾಗಿತ್ತು, ತೂಕ ನಿಗದಿತ ಪ್ರಮಾಣಕ್ಕಿಂತ 15 ಪೌಂಡ್ ಕಡಿಮೆಯಿತ್ತು. ವಿಶೇಷ ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಮೀಸಲು ಪಡೆಗೆ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಐಕೆನ್ ಅವರ ಕೈಕೆಳಗೆ ನೇಮಿಸಲಾಯಿತು. ಅಲ್ಲಿದ್ದ ಮಾರ್ಕ್ 1 ಗಣಕಯಂತ್ರ 51 ಅಡಿ ಉದ್ದ, 8 ಅಡಿ ಎತ್ತರದ್ದು.

ಈ ಯಂತ್ರಕ್ಕೆ ಆದೇಶಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಯ ಮೂಲಕ ನೀಡಲಾಗುತ್ತಿತ್ತು. ಒಂದು ರಂಧ್ರ ಸ್ಥಾನ ತಪ್ಪಿದರೂ ಉತ್ತರ ತಪ್ಪಾಗುತ್ತಿತ್ತು. ದೋಷವು ಯಂತ್ರದ್ದೇ ಅಥವಾ ಆದೇಶದ್ದೇ ಎಂಬುದನ್ನು ಮೊದಲು ನಿರ್ಣಯಿಸಬೇಕಾಗಿತ್ತು. ಆದ್ದರಿಂದ ಲೆಕ್ಕದ ನಡುನಡುವೆ ತಾಳೆ ನೋಡುವ ಆದೇಶಗಳನ್ನು ಸೇರಿಸಲಾಗುತ್ತಿತ್ತು. ವ್ಯತ್ಯಾಸವು ಮಿತಿ ಮೀರಿದರೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಹೀಗೆ ತಪ್ಪು ಎಲ್ಲಿ ಹುಟ್ಟಿತೆಂದು ಹುಡುಕಬೇಕಾದ ವ್ಯಾಪ್ತಿ ಕಿರಿದಾಗುತ್ತಿತ್ತು. ಈ ಯಂತ್ರದ ಬಳಕೆಯನ್ನು ವಿವರಿಸುವ 561 ಪುಟಗಳ ಕೈಪಿಡಿಯ ಬಹುಭಾಗವನ್ನು ಹಾಪರ್ ಅವರೇ ಬರೆದರು. ಅದು 1946ರಲ್ಲಿ ಪ್ರಕಟವಾಯಿತು.

ಪತಂಗದ ಪ್ರಸಂಗ

1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ದೋಷವನ್ನು ಹುಡುಕುತ್ತಿದ್ದವರಿಗೆ 70ನೆಯ ರಿಲೇಯಲ್ಲಿ ಸಿಲುಕಿದ್ದ ಪತಂಗವೊಂದು ದೊರೆಯಿತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ನಿಜವಾದ ಕೀಟವೇ ಸಿಕ್ಕಿತೆಂಬ ಅರ್ಥದ ಟಿಪ್ಪಣಿ ಬರೆಯಲಾಯಿತು. ಆ ಪುಟ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಈ ಪತಂಗವನ್ನು ಹಾಪರ್ ಅವರೇ ಹಿಡಿದರೆಂದೂ ದೋಷಕ್ಕೆ ಬಗ್ ಎಂಬ ಹೆಸರನ್ನು ಅವರೇ ಇಟ್ಟರೆಂದೂ ಹಲವೆಡೆ ಬರೆಯಲಾಗಿದೆ. ಇವೆರಡೂ ಸರಿಯಲ್ಲ. ಪತಂಗವನ್ನು ಕಂಡವರು ಅವರ ಸಹೋದ್ಯೋಗಿಗಳು. ಹಾಪರ್ ಈ ಕಥೆಯನ್ನು ಸ್ವಾರಸ್ಯವಾಗಿ ಹೇಳಿ ಪ್ರಚಾರಕ್ಕೆ ತಂದರು. ಯಂತ್ರದೋಷವೆಂಬ ಅರ್ಥದಲ್ಲಿ ಆ ಪದವನ್ನು ಥಾಮಸ್ ಎಡಿಸನ್ 1878ರಷ್ಟು ಹಿಂದೆಯೇ ಬಳಸಿದ್ದರು. ಪದವು ಮೊದಲೇ ರೂಢಿಯಲ್ಲಿದ್ದುದರಿಂದಲೇ ದಿನಚರಿಯ ಆ ಟಿಪ್ಪಣಿ ಹಾಸ್ಯವಾಗಿ ತೋರುತ್ತದೆ.

ಕಂಪೈಲರ್ ಮತ್ತು ಕೋಬಾಲ್

1949ರಲ್ಲಿ ಹಾಪರ್ ಎಕರ್ಟ್-ಮೌಕ್ಲಿ ಕಂಪನಿಯನ್ನು ಸೇರಿ ಯೂನಿವ್ಯಾಕ್ ಗಣಕದ ಮೇಲೆ ಕೆಲಸ ಮಾಡಿದರು. ಪರೀಕ್ಷಿಸಿ ಸರಿಯೆಂದು ಕಂಡ ಆದೇಶಗುಚ್ಛಗಳನ್ನು ಆಗ ಪುಸ್ತಕದಿಂದ ಪುಸ್ತಕಕ್ಕೆ ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು. ನಕಲಿನಲ್ಲಿ ರೋಮನ್ ಲಿಪಿಯ ಬಿ ಅಕ್ಷರ 13 ಆಗಿಬಿಡುತ್ತಿತ್ತು. ಸ್ಥಾನಸಂಖ್ಯೆಗಳನ್ನು ಕೂಡುವಾಗಲೂ ತಪ್ಪುಗಳಾಗುತ್ತಿದ್ದವು. ನಕಲು ಮಾಡುವುದು, ಕೂಡುವುದು ಯಂತ್ರಕ್ಕೆ ಸುಲಭವಾದ ಕೆಲಸಗಳೆಂದು ಹಾಪರ್ ಮನಗಂಡರು. ತಪ್ಪನ್ನು ಹುಡುಕುತ್ತ ಕೂರುವ ಬದಲು ಅದು ಹುಟ್ಟುವ ಜಾಗವನ್ನೇ ಇಲ್ಲವಾಗಿಸಲು 1952ರಲ್ಲಿ ಎ-0 ಎಂಬ ಕಂಪೈಲರನ್ನು ಸಿದ್ಧಪಡಿಸಿದರು. ಗಣಕವು ಲೆಕ್ಕ ಮಾಡಬಲ್ಲದೇ ಹೊರತು ಕ್ರಮವಿಧಿ ರಚಿಸಲಾರದೆಂದು ಅನೇಕರು ಆಗ ನಂಬಿದ್ದರು.

ಮುಂದೆ ಅವರ ತಂಡ ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯಬಹುದಾದ ಫ್ಲೋ-ಮ್ಯಾಟಿಕ್ ಭಾಷೆಯನ್ನು ರೂಪಿಸಿತು. 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಯ ಮೇಲೆ ಇದರ ಪ್ರಭಾವ ಗಾಢವಾದುದು. 1966ರಲ್ಲಿ ನಿವೃತ್ತರಾದ ಹಾಪರ್ ಅವರನ್ನು ನೌಕಾಪಡೆ 1967ರಲ್ಲಿ ಆರು ತಿಂಗಳ ಅವಧಿಗೆಂದು ಮರಳಿ ಕರೆಯಿತು. ಆ ಸೇವೆ ಹಲವು ವರ್ಷಗಳ ಕಾಲ ಮುಂದುವರಿಯಿತು. ಬೇರೆ ಬೇರೆ ಕಂಪನಿಗಳ ಕೋಬಾಲ್ ಕಂಪೈಲರುಗಳು ಒಂದೇ ಮಾನದಂಡವನ್ನು ಪಾಲಿಸುತ್ತವೆಯೇ ಎಂದು ಪರೀಕ್ಷಿಸುವ ತಂತ್ರಾಂಶವನ್ನು ಅವರ ನೇತೃತ್ವದಲ್ಲಿ ರಚಿಸಲಾಯಿತು.

ಕೊನೆಯ ವರ್ಷಗಳು ಮತ್ತು ಗೌರವಗಳು

ಉಪನ್ಯಾಸಗಳಲ್ಲಿ ಹಾಪರ್ ಸುಮಾರು 30 ಸೆಂ.ಮೀ. ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಕ್ರಮಿಸಬಲ್ಲ ಗರಿಷ್ಠ ದೂರ ಅಷ್ಟೇ. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ದರ್ಜೆಯಲ್ಲಿ ನಿವೃತ್ತರಾದರು. 1992ರ ಜನವರಿ 1ರಂದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ನಿಧನರಾದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವೂ, 2016ರಲ್ಲಿ ಮರಣೋತ್ತರವಾಗಿ ಅಧ್ಯಕ್ಷರ ಸ್ವಾತಂತ್ರ್ಯ ಪದಕವೂ ಸಂದಿವೆ. ನೌಕಾಪಡೆಯ ಯುದ್ಧನೌಕೆಯೊಂದು ಮತ್ತು ಯೇಲ್ ವಿಶ್ವವಿದ್ಯಾಲಯದ ಒಂದು ಕಾಲೇಜು ಅವರ ಹೆಸರನ್ನು ಹೊತ್ತಿವೆ.