ಬೆಳ್ಳಿಯಲ್ಲಿ ಉಳಿದ ಮುಖ: ಚಕ್ರವರ್ತಿ ಟೈಬೀರಿಯಸ್

ನಮ್ಮ ಹಳೆಯ ಗ್ರಂಥಗಳಲ್ಲಿ ಬರುವ ದೀನಾರ ಎಂಬ ಪದದ ಮೂಲ ರೋಮನರ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ. ದಕ್ಷಿಣ ಭಾರತದ ನೆಲದಲ್ಲಿ ದೊರೆತ ಈ ನಾಣ್ಯಗಳಲ್ಲಿ ಹೆಚ್ಚಿನವು ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳವು. ಇವರಲ್ಲಿ ಎರಡನೆಯವನ ಬಾಳನ್ನು ನಾವು ತುಸು ಅರಿಯೋಣ.

ಟೈಬೀರಿಯಸ್ ಹುಟ್ಟಿದ್ದು ಕ್ರಿ.ಪೂ. 42ರಲ್ಲಿ. ಅವನು ಮೂರು ವರ್ಷದವನಿದ್ದಾಗ ತಾಯಿ ಲಿವಿಯಾ, ಮುಂದೆ ಆಗಸ್ಟಸ್ ಎನಿಸಿದ ಆಕ್ಟೇವಿಯನ್‌ನ ಕೈಹಿಡಿದಳು. ಮಲಮಗ ಸಮರ್ಥ ದಂಡನಾಯಕನಾಗಿ ಬೆಳೆದ. ಆದರೆ ಕ್ರಿ.ಪೂ. 11ರಲ್ಲಿ ಆಗಸ್ಟಸನ ಅಪ್ಪಣೆಗೆ ಮಣಿದು, ಪ್ರೀತಿಯ ಮಡದಿ ವಿಪ್ಸಾನಿಯಾಳನ್ನು ಬಿಟ್ಟು ಚಕ್ರವರ್ತಿಯ ಮಗಳು ಜೂಲಿಯಾಳನ್ನು ವರಿಸಬೇಕಾಯಿತು. ಆ ಸಂಸಾರ ಸುಖ ಕಾಣಲಿಲ್ಲ. ಕ್ರಿ.ಪೂ. 6ರಲ್ಲಿ ಎಲ್ಲವನ್ನೂ ತೊರೆದು ರೋಡ್ಸ್ ದ್ವೀಪಕ್ಕೆ ಹೋಗಿ ವರ್ಷಗಟ್ಟಲೆ ಅಲ್ಲೇ ಇದ್ದ. ಉತ್ತರಾಧಿಕಾರಿಗಳೆಂದು ಎಣಿಸಿದ್ದ ಮೊಮ್ಮಕ್ಕಳಿಬ್ಬರೂ ತೀರಿಕೊಂಡ ಮೇಲೆಯೇ ಆಗಸ್ಟಸ್ ಅವನನ್ನು ದತ್ತು ಪಡೆದ. ಕ್ರಿ.ಶ. 14ರಲ್ಲಿ ಪಟ್ಟವೇರುವಾಗ ಅವನಿಗೆ 54 ವರ್ಷ.

ಅವನ ದಿನಾರಿಯಸ್‌ನ ಒಂದು ಬದಿಯಲ್ಲಿ ಎಲೆಮಾಲೆ ಮುಡಿದ ಅವನ ಮುಖ, ಮತ್ತೊಂದು ಬದಿಯಲ್ಲಿ ಪೀಠದಲ್ಲಿ ಕುಳಿತ ಹೆಣ್ಣು. ಆಕೆ ಲಿವಿಯಾಳೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ನಾಣ್ಯದಲ್ಲಿ ಜೊತೆಗಿದ್ದ ತಾಯಿಮಗ ಬಾಳಿನಲ್ಲಿ ದೂರವಾದರು. ಕ್ರಿ.ಶ. 26ರಲ್ಲಿ ರೋಮನ್ನು ಬಿಟ್ಟು ಕಾಪ್ರಿ ದ್ವೀಪ ಸೇರಿದವನು 29ರಲ್ಲಿ ಆಕೆಯ ಅಂತ್ಯಕ್ರಿಯೆಗೂ ಬರಲಿಲ್ಲ. ಬಲಗೈಯೆಂದು ನಂಬಿದ್ದ ಸೆಜಾನಸನನ್ನು 31ರಲ್ಲಿ ಕೊಲ್ಲಿಸಿದ. ರಾಜದ್ರೋಹದ ವಿಚಾರಣೆಗಳಿಗೆ ರೋಮಿನ ಗಣ್ಯರು ನಡುಗಿದರು.

ಹಣದ ವಿಷಯದಲ್ಲಿ ಮಾತ್ರ ಅವನದು ಎಚ್ಚರದ ಕೈ. ರತ್ನಗಳ ಮೋಹದಿಂದ ರೋಮಿನ ಹಣ ಪರದೇಶಗಳ ಪಾಲಾಗುತ್ತಿದೆಯೆಂದು 22ರಲ್ಲಿ ಸೆನೆಟ್ ಸಭೆಗೆ ಬರೆದು ಕೊರಗಿದ. 33ರಲ್ಲಿ ಸಾಲದ ಬಿಕ್ಕಟ್ಟು ತಲೆದೋರಿದಾಗ 10 ಕೋಟಿ ಸೆಸ್ಟರ್ಸ್ ಹಣವನ್ನು ಮೂರು ವರ್ಷದ ಮಟ್ಟಿಗೆ ಬಡ್ಡಿಯಿಲ್ಲದೆ ಒದಗಿಸಿದ. ನಾಣ್ಯದ ಬೆಳ್ಳಿ ಕೆಡಲು ಬಿಡಲಿಲ್ಲ. ಮುಂದೆ 64ರಲ್ಲಿ ನೀರೋ ಅದರ ತೂಕವನ್ನೂ ಶುದ್ಧತೆಯನ್ನೂ ಇಳಿಸಿದ. ಕರಿಮೆಣಸು ಮಾರುತ್ತಿದ್ದ ನಮ್ಮ ಕಡೆಯ ವರ್ತಕರು ಹಳೆಯ ನಾಣ್ಯಗಳನ್ನೇ ಮೆಚ್ಚಲು ಇದೂ ಒಂದು ಕಾರಣವಿರಬೇಕು.

ಕ್ರಿ.ಶ. 37ರ ಮಾರ್ಚ್ 16ರಂದು, 77ನೆಯ ವಯಸ್ಸಿನಲ್ಲಿ ಟೈಬೀರಿಯಸ್ ತೀರಿಕೊಂಡಾಗ ರೋಮಿನ ಜನ ಅಳಲಿಲ್ಲ, ಹಿಗ್ಗಿದರು. ಆದರೆ 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ, 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವನ ನಾಣ್ಯಗಳು ಮಣ್ಣಿನಿಂದ ಮೇಲೆದ್ದವು. ತನ್ನವರೇ ನೋಡಬಯಸದ ಮುಖವನ್ನು, ಬೆರಕೆಯಿಲ್ಲದ ಬೆಳ್ಳಿಗಾಗಿ, ದೂರದ ನಮ್ಮ ನಾಡು ಜೋಪಾನ ಮಾಡಿತ್ತು.